ಎಲೆ ಕೆಳಗಿಡುವ ಹುಡುಗ

“ಹುಡುಗ ಏನು ಕೆಲಸ ಮಾಡ್ತಾನೆ?” ಅಂತ ಯಾರಾದರೂ ಕೇಳಿದರೆ ನಮ್ಮ ಅಕ್ಕ ಈಗೀಗ ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತಾಳೆ. ಹಾಲಿನ ಡೇರಿಯಲ್ಲಿ ಕೇಳಿದವರಿಗೆ ಬಿಸಿನೆಸ್. ದೇವಸ್ಥಾನದಲ್ಲಿ ಕೇಳಿದವರಿಗೆ ಕಂಪ್ಯೂಟರ್. ಓರಗಿತ್ತಿಗೆ ಮಾತ್ರ, “ಗೋವಾದಲ್ಲಿ ಏನೋ ಒಳ್ಳೇ ಕೆಲ್ಸ ಕಣಮ್ಮ.”

ನಿಜ ಏನೆಂದರೆ ಹುಡುಗ ಇಸ್ಪೀಟು ಆಡುತ್ತಾನೆ. ಅದೇ ಅವನ ಉದ್ಯೋಗ. (ಪೋಕರ್ ಅನ್ನಿ, ಸ್ವಲ್ಪ ಮರ್ಯಾದೆ ಹೆಚ್ಚು.)

ಹೆಸರು ನವೀನ. ಮದ್ದೂರಿನವನು, ಬಿ.ಕಾಂ. ಮಾಡಿದ್ದಾನೆ, ಅಪ್ಪನದು ಟೈರ್ ಅಂಗಡಿ. ಅಕ್ಕನ ಮಗಳು ಚೈತ್ರ ಮಂಡ್ಯದಲ್ಲಿ ಫಾರ್ಮಸಿಸ್ಟ್, ಮದುವೆ ಅಂತ ಆದರೆ ಇವನನ್ನೇ ಅಂತ ಕೂತಿದ್ದಾಳೆ. ಆನ್‌ಲೈನ್ ಆಟ ಬಂದ್ ಆದ ಮೇಲೆ ಅವನು ಟೂರ್ನಮೆಂಟ್ ಇದ್ದಾಗ ಗೋವಾಕ್ಕೆ ಹೋಗುತ್ತಾನೆ. ಉಳಿದ ದಿನ ಲ್ಯಾಪ್‌ಟಾಪ್ ತೆರೆದು, ಹಿಂದಿನ ಆಟಗಳಲ್ಲಿ ಎಲ್ಲಿ ಎಡವಿದೆ ಅಂತ ಹುಡುಕುತ್ತಾನೆ. ಕೇಳಿದರೆ ಪರೀಕ್ಷೆಗೆ ಓದುವವನ ದಿನಚರಿ. ಆದರೂ ನನಗೆ ಭಯ ಹೋಗಿಲ್ಲ. ಇಸ್ಪೀಟೆಲೆ ಹಿಡಿದು ಮನೆ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ನೀವೂ ಕಂಡಿರುತ್ತೀರಿ.

ಕೊತ್ತತ್ತಿಯ ನಮ್ಮ ಭಾವನಿಗೆ, ಅಂದರೆ ಚೈತ್ರಳ ಅಪ್ಪನಿಗೆ, ಇಂಥ ಗೊಂದಲವೇ ಇಲ್ಲ. “ಜೂಜುಕೋರನ್ಗೆ ಎಣ್ಣು ಕೊಡಕಿಲ್ಲ” ಅಂದರು, ಮುಗಿಯಿತು. ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ಅದನ್ನು ತಡೆಯಲಾರದೆ ಭಾವನೇ ಒಂದು ದಾರಿ ಹುಡುಕಿದರು. ಮಳವಳ್ಳಿಯಲ್ಲಿ ನೆಂಟರ ಮನೆಯ ಬೀಗರ ಊಟವಿತ್ತು. “ಆ ಐದನ್ನ ಅಲ್ಗೇ ಕರ್ಸು. ಎಲೆ ಮುಂದೆ ಕೂತ್ರೆ ಗಂಡ್ಸಿನ ಬುದ್ಧಿ ಗೊತ್ತಾಯ್ತದೆ” ಅಂದರು ನನಗೆ. ನಮ್ಮ ಕಡೆ ಐದ ಅಂದರೆ ಹುಡುಗ.

(ಜೂಜುಕೋರನನ್ನು ಪರೀಕ್ಷಿಸಲು ಜೂಜಿಗೇ ಕೂರಿಸುವುದು. ನಮ್ಮ ಜಿಲ್ಲೆಯವರಿಗಲ್ಲದೆ ಇನ್ಯಾರಿಗೆ ಹೊಳೆದೀತು?)

ಬೀಗರ ಊಟದಲ್ಲಿ ಬಾಡು ಬೇಯುವವರೆಗೆ ಗಂಡಸರಿಗೆ ಬೇರೆ ಕೆಲಸವಿರುವುದಿಲ್ಲ. ಬಂಡೂರು ಕುರಿಯ ಸಾರಿನ ಘಮ ಬರುತ್ತಿತ್ತು. ಛತ್ರದ ಹಿಂದೆ ತೆಂಗಿನ ನೆರಳಲ್ಲಿ ಜಮಖಾನ ಹಾಸಿದರು. ಮೂರೆಲೆ ಆಟ. ಎಲೆ ಚೆನ್ನಾಗಿದ್ದರೆ ಪಣ ಏರಿಸಬೇಕು, ಇಲ್ಲದಿದ್ದರೆ ‘ಪ್ಯಾಕ್’ ಅಂತ ಕೆಳಗಿಟ್ಟು ಸುಮ್ಮನಾಗಬೇಕು. ಪಣಕ್ಕೆ ಬೆಂಕಿಕಡ್ಡಿ. (ಪೊಲೀಸರು ಈ ಅಂಕಣ ಓದುತ್ತಿದ್ದರೆ: ನಿಜವಾಗಿಯೂ ಬೆಂಕಿಕಡ್ಡಿ.)

ನವೀನ ಎಲೆ ನೋಡಿದ. “ಪ್ಯಾಕ್.” ಮತ್ತೆ ನೋಡಿದ. “ಪ್ಯಾಕ್.” ಆಮೇಲೆ ಒಂದು ಆಟ ಆಡಿ ಗೆದ್ದ. ಮತ್ತೆ ಪ್ಯಾಕ್. ನೋಡುವವರಿಗೆ ಆಕಳಿಕೆ.

ಭಾವ ಮಾತ್ರ ಒಂದು ಸಲವೂ ಎಲೆ ಕೆಳಗಿಡಲಿಲ್ಲ. ಎದುರು ಕೂತ ಬೀಗರು ಏರಿಸಿದಷ್ಟೂ ಇವರು ಏರಿಸಿದರು. ಕೊನೆಗೆ ಬಿಚ್ಚಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಎಲೆ. ಕಡ್ಡಿಪೆಟ್ಟಿಗೆ ಖಾಲಿ.

“ಇಂಥ ಎಲೆ ಇಟ್ಕೊಂಡು ಯಾಕೆ ಏರಿಸಿದ್ರಿ ಭಾವ?”

“ಆವಯ್ಯ ಏರುಸ್ತಾವ್ನೆ, ನಾನು ಬುಟ್ಬುಡ್ಲಾ?”

ಈ ಮಾತನ್ನು ನಾನು ಮೊದಲೂ ಕೇಳಿದ್ದೆ. ಒಂದು ಮೊಳ ಬದುವಿಗಾಗಿ ಭಾವ ಸ್ವಂತ ತಮ್ಮನ ಮೇಲೆ ಕೋರ್ಟಿಗೆ ಹೋದದ್ದು ಇದೇ ಮಾತು ಹೇಳಿ. ಕೇಸು ಇನ್ನೂ ನಡೆಯುತ್ತಿದೆ. ಇದಕ್ಕೆ ನಾವು ಛಲ ಅಂತ ಹೆಸರಿಟ್ಟು ಮೀಸೆ ತಿರುವುತ್ತೇವೆ. ಬಸ್ಸಿನ ಸೀಟಿನ ಜಗಳವಿರಲಿ, ವಾಟ್ಸಾಪ್ ಗ್ರೂಪಿನ ವಾದವಿರಲಿ, ನಮ್ಮದು ತಪ್ಪು ಅಂತ ಗೊತ್ತಾದ ಮೇಲೂ ಏರಿಸುತ್ತಲೇ ಹೋಗುವುದಿಲ್ಲವೇ? ನವೀನನ ಕೆಲಸದಲ್ಲಿ ಹಾಗೆ ಮಾಡಿದವನು ಬೇಗ ಮನೆಗೆ ಹೋಗುತ್ತಾನಂತೆ. ಅವನು ದಿನವಿಡೀ ಮಾಡುವುದರಲ್ಲಿ ಬಹುಪಾಲು ಬಿಡುವುದೇ. ಅದನ್ನು ಕಲಿಯಲು ವರ್ಷಗಳು ಬೇಕಾದವು ಅಂದ.

ಊಟ ಮುಗಿಯಿತು. ಭಾವ ಬಾಳೆಹಣ್ಣು ಸುಲಿಯುತ್ತ ನವೀನನನ್ನು ಹತ್ತಿರ ಕೂರಿಸಿಕೊಂಡರು.

“ನಿನ್ ಆಟ ನೋಡ್ದೆ ಕಣಪ್ಪ. ವಸಿ ಕೆಟ್ಟ ಎಲೆ ಬಂದೇಟ್ಗೆ ಬುಟ್ಬುಡ್ತೀಯ. ನಾಳೆ ನನ್ ಮಗಳ್ಗೆ ಕಾಯಿಲೆ ಬತ್ತದೆ, ಕಷ್ಟ ಬತ್ತದೆ. ಆಗ್ಲೂ ಇಂಗೇ ಬುಟ್ಬುಟ್ಟು ಎದ್ದೋಯ್ತೀಯಾ?”

ಇದು ಜೂಜಿನ ಮೇಲಿನ ಸಿಟ್ಟಲ್ಲ, ಹೆತ್ತವನ ಹೆದರಿಕೆ. ಇಷ್ಟು ದಿನ ಭಾವನನ್ನು ಬರೀ ಮೊಂಡ ಅಂದುಕೊಂಡಿದ್ದೆನಲ್ಲ ಅಂತ ಸಂಕಟವಾಯಿತು.

ನವೀನ ಕೈಯಲ್ಲಿದ್ದ ಹಣ್ಣು ಕೆಳಗಿಟ್ಟು ಭಾವನ ಕಡೆ ತಿರುಗಿದ.

“ಎಲೆ ಬುಡ್ತೀನಿ ಸಾರ್, ಕುರ್ಚಿ ಬುಡಲ್ಲ. ಒಂದೊಂದ್ ದಿನ ಬೆಳಗ್ಗಿಂದ ಸಂಜೆಗಂಟ ಒಂದೂ ಒಳ್ಳೇ ಎಲೆ ಬರಲ್ಲ. ಆದ್ರೂ ಕೂತಿರ್ತೀನಿ. ದುಡ್ಡು ಕೆಲವು ತಿಂಗಳು ಬರಲ್ಲ, ಅದು ಚೈತ್ರಂಗೂ ಗೊತ್ತು. ಜಗಳ ಆದ್ರೆ ಜಗಳ ಬುಡ್ತೀನಿ. ಅವಳನ್ನ ಬುಡಲ್ಲ.”

ಭಾವ “ಊಂ” ಅಂದರು. ಅದು ಹೌದೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

ವಾಪಸ್ ಬರುವಾಗ ಕಾರು ಓಡಿಸುತ್ತಿದ್ದವರು ಭಾವ. ಮಳವಳ್ಳಿ ದಾಟಿದ್ದೇ ಶುರು ಮಾಡಿದರು. ಐದ ಮಾತಲ್ಲಿ ಚೆನ್ನಾಗವ್ನೆ, ಆದರೆ ಎದೆ ಇಲ್ಲ, ಸೋಲು ಒಪ್ಪುವವನು ಸಂಸಾರ ಹೆಂಗೆ ನಡೆಸುತ್ತಾನೆ, ಹೀಗೆ.

ಹಿಂದಿನ ಸೀಟಿನಲ್ಲಿದ್ದ ಅಕ್ಕ ಬಾಯಿಬಿಟ್ಟಳು. ದನಿ ಏರಿಸಲಿಲ್ಲ.

“ನಿಮ್ಮನ್ನ ಕಟ್ಕೊಂಡಾಗಿಂದ ನಾನೊಬ್ಳೇ ಪ್ಯಾಕು ಪ್ಯಾಕು ಅಂದ್ಕೊಂಡ್ ಬಂದಿವ್ನಿ. ನನ್ ಮಗಳ್ಗಾದ್ರೂ ಅದ್ನ ಅನ್ನೋ ಗಂಡ ಸಿಕ್ಲಿ ಬುಡಿ.”

ಭಾವ ಬಾಯಿ ತೆರೆದರು. ಕನ್ನಡಿಯಲ್ಲಿ ಅಕ್ಕನ ಮುಖ ನೋಡಿದರು. ತೆರೆದ ಬಾಯಿ ಮುಚ್ಚಿಕೊಂಡು ಗೇರ್ ಬದಲಿಸಿದರು. ಕೊತ್ತತ್ತಿ ಬರುವವರೆಗೆ ಮತ್ತೆ ಮಾತಿಲ್ಲ.

ನಮ್ಮ ಭಾವ ‘ಪ್ಯಾಕ್’ ಅಂತ ಬಾಯಿಬಿಟ್ಟು ಹೇಳಲಿಲ್ಲ ನಿಜ. ಆದರೆ ಅದು ಇನ್ನೇನು?