ಅಕ್ಕ ಸಮ್ಮೇಳನಕ್ಕೆ ಹೋಗಿ ಬಂದದ್ದು

ಅಕ್ಕನ ಸೂಟ್‌ಕೇಸು ನನ್ನ ಮಂಚದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಅವಳ ಕೋಣೆಯ ತುಂಬ ಇಸ್ತ್ರಿಯ ಬಟ್ಟೆ ಹರಡಿದ್ದರಿಂದ ಜಾಗವಿಲ್ಲವೆಂದು ಇಲ್ಲಿಗೆ ತಂದಿಟ್ಟಿದ್ದಳು. ಅವಳು ಮಡಿಸಿಟ್ಟ ಒಂದೊಂದನ್ನೂ ನನ್ನ ಮಗ ಎಳೆದು ಕೆಳಗೆ ಹಾಕುತ್ತಿದ್ದ. ನಾನು ಬೈದಂತೆ ಮಾಡುತ್ತಿದ್ದೆನೇ ಹೊರತು ನಿಜವಾಗಿ ಬೈಯುತ್ತಿರಲಿಲ್ಲ. ಎಳೆದರೆ ಎಳೆಯಲಿ ಎಂದೇ ಮನಸ್ಸಿನಲ್ಲಿತ್ತು.

ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನವರ ಹೆಂಡತಿ. ಪುರಸಭೆಯ ನೀರು ಸರಬರಾಜು ವಿಭಾಗದ ಲ್ಯಾಬಿನಲ್ಲಿ ನನಗಿಂತ ಮೇಲಿನವಳು ಕೂಡ. ಆಫೀಸಿನಲ್ಲಿ ನಾನು ಅವಳಿಗೆ ‘ಮೇಡಂ, ನೀವು’ ಎನ್ನಬೇಕು, ಮನೆಯ ಮೆಟ್ಟಿಲು ಹತ್ತಿದ ಮೇಲೆ ‘ಅಕ್ಕ, ನೀನು’. ಇದು ಅವಳೇ ಮಾಡಿದ ಕಾನೂನು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ವರ್ಷ ನನ್ನನ್ನು ಗಮನಿಸುತ್ತಿದ್ದು, ಇವಳು ನಮ್ಮ ಮನೆಗೆ ಆಗಬಹುದು ಎಂದು ತೀರ್ಮಾನಿಸಿ, ಮೈದುನನಿಗೆ ಸಂಬಂಧ ಕೇಳಲು ನನ್ನ ತವರಿಗೆ ಬಂದಳು. ಅಮ್ಮ ಕುಡಿಯಲು ನೀರು ಕೊಟ್ಟರು. ಅಕ್ಕ ಲೋಟವನ್ನು ತುಟಿಗೆ ತಾಗಿಸದೆ ಮೂಗಿಗೆ ಹಿಡಿದು, ಮೇಲಿನ ಟ್ಯಾಂಕು ತೊಳೆಸಿ ಎಷ್ಟು ದಿನವಾಯಿತು ಎಂದು ಕೇಳಿದಳು. ಮದುವೆಯ ಮಾತು ಆಮೇಲೆ ಬಂತು. ಅಪ್ಪ ಇವತ್ತಿಗೂ ಅವಳು ಬರುತ್ತಾಳೆಂದರೆ ಮೊದಲು ಟ್ಯಾಂಕು ಹತ್ತುತ್ತಾರೆ.

ಯಾರ ಮನೆಗೆ ಹೋದರೂ ಹಾಗೆಯೇ. ಪುರಸಭೆಯ ಅಧ್ಯಕ್ಷರ ಮಗಳ ಆರತಕ್ಷತೆಯಲ್ಲೂ ಲೋಟ ಮೂಸಿ ಪಕ್ಕಕ್ಕಿಟ್ಟವಳು. ಅವಳಿಗೆ ಮುಖಸ್ತುತಿ ಬರುವುದಿಲ್ಲ. ಬಂದಿದ್ದರೆ ಎಂದೋ ವಿಭಾಗದ ಮುಖ್ಯಸ್ಥೆಯಾಗಿರುತ್ತಿದ್ದಳು ಎಂದು ಭಾವ ಹೇಳುತ್ತಾರೆ. ಮಗಳು ದೊಡ್ಡವಳಾಗಿ ಹಾಸ್ಟೆಲಿಗೆ ಹೋದ ಮೇಲೆ ಅಕ್ಕನಿಗೆ ಮನೆಯಲ್ಲಿ ನನ್ನ ಮಗನೇ ಪ್ರಪಂಚ.

ಸಮುದ್ರದಾಚೆಯ ಒಂದು ದೊಡ್ಡ ನಗರದಲ್ಲಿ ವರ್ಷಕ್ಕೊಮ್ಮೆ ಕುಡಿಯುವ ನೀರಿನ ಸಮ್ಮೇಳನ ನಡೆಯುತ್ತದೆ. ನಮ್ಮ ಪುರಸಭೆಯಿಂದ ಒಬ್ಬರನ್ನು ಕಳಿಸುತ್ತಾರೆ, ಖರ್ಚು ಊರಿನವರ ತೆರಿಗೆಯದು. ಹಿರಿತನದ ಪ್ರಕಾರ ಈ ವರ್ಷ ಅಕ್ಕನ ಸರದಿ, ಬರುವ ವರ್ಷ ನನ್ನದು. ಅಷ್ಟರಲ್ಲಿ ಮಗ ಹಾಲು ಬಿಟ್ಟಿರುತ್ತಾನೆ ಎಂದು ನಾನು ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ.

ಒಂದೇ ಒಂದು ತೊಡಕು. ಹಿಂದೆ ಒಬ್ಬ ಇಂಜಿನಿಯರು ಹೀಗೆಯೇ ಹೋಗಿ, ಕಾರಂಜಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಒಂದನ್ನು ಬಿಟ್ಟು ಬೇರೇನನ್ನೂ ತಂದಿರಲಿಲ್ಲ. ಊರವರು ಅವರಿಗೆ ಕಾರಂಜಿ ಸಾಹೇಬರು ಎಂದೇ ಹೆಸರಿಟ್ಟರು, ನಿವೃತ್ತಿಯಾದರೂ ಹೆಸರು ಹೋಗಿಲ್ಲ. ಅಂದಿನಿಂದ ಒಂದು ಪದ್ಧತಿ ಬಂತು. ಹೋಗಿ ಬಂದವರು ಪುರಸಭೆಯ ಸಭಾಂಗಣದಲ್ಲಿ ತೆರಿಗೆ ಕಟ್ಟುವವರ ಎದುರು ನಿಂತು, ಏನು ತಂದೆವು ಎಂದು ಹೇಳಬೇಕು. ಮುಂದಿನ ವರ್ಷ ಕಳಿಸಬೇಕೋ ಬೇಡವೋ ಎಂದು ಕೂತವರು ಕೈ ಎತ್ತುತ್ತಾರೆ. ನಮ್ಮಲ್ಲಿ ಅದಕ್ಕೆ ಕೈ ಎತ್ತುವ ಸಭೆ ಎಂದೇ ಹೆಸರು. ಅಂದರೆ ನನ್ನ ಪ್ರಯಾಣ ಅಕ್ಕನ ಬಾಯಲ್ಲಿತ್ತು.

ಅವಳು ಹೋದ ಮಾರನೆಯ ದಿನವೇ ಫೋನಿಗೆ ಫೋಟೋಗಳು ಬರತೊಡಗಿದವು. ಸಭಾಂಗಣ, ಹೂವಿನ ಕುಂಡ, ಕುತ್ತಿಗೆಗೆ ಹೆಸರಿನ ಚೀಟಿ. ಅವು ಯಾವುವೂ ನನ್ನನ್ನು ಸುಡಲಿಲ್ಲ. ಸುಟ್ಟದ್ದು ಹೋಟೆಲು ಕೋಣೆಯ ಫೋಟೋ. ಸುಕ್ಕಿಲ್ಲದ ಬಿಳಿ ಹಾಸಿಗೆ, ನಾಲ್ಕು ದಿಂಬು, ಮಲಗುವವಳು ಒಬ್ಬಳೇ. ಆ ಹೊತ್ತಿಗೆ ನಾನು ಅವಳ ಕೆಲಸವನ್ನೂ ನನ್ನ ಕೆಲಸವನ್ನೂ ಒಟ್ಟಿಗೆ ಮಾಡುತ್ತ ಲ್ಯಾಬಿನಲ್ಲಿ ನಿಂತಿದ್ದೆ. ಎದೆಹಾಲು ಸೋರಿ ಬಿಳಿ ಕೋಟಿನ ಮೇಲೆ ಎರಡು ವೃತ್ತಗಳಾಗಿದ್ದವು. ಹೆತ್ತ ಮೇಲೆ ನಾನು ಒಂದೇ ಒಂದು ರಾತ್ರಿಯೂ ಎಚ್ಚರವಾಗದೆ ಮಲಗಿಲ್ಲ. ವಿಮಾನ ಬೇಡ, ಸಮುದ್ರ ಬೇಡ, ಆ ಹಾಸಿಗೆಯ ಒಂದು ಅಂಚು ಸಾಕಾಗಿತ್ತು ನನಗೆ. ‘ಚೆನ್ನಾಗಿದೆ ಅಕ್ಕ’ ಎಂದು ಉತ್ತರ ಬರೆದು ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟೆ.

ಆಫೀಸಿನಲ್ಲೂ ಎಲ್ಲರದೂ ಅದೇ ಕಥೆ. ಪಂಪ್‌ಹೌಸಿನವನು, ಮೇಡಂ ಅಲ್ಲಿಯ ನೀರನ್ನೂ ಮೂಸಿ ಆ ದೇಶದವರಿಗೂ ಬೈದಿರಬೇಕು ಎಂದು ನಗಿಸಿದ. ಟೈಪಿಸ್ಟು, ಅವರಿಗೆಲ್ಲಿಂದ ಬರಬೇಕು ಬಿಡಿ ನಮ್ಮ ಕಷ್ಟ ಎಂದಳು. ನಾನು ಹೌದೋ ಅಲ್ಲವೋ ತಿಳಿಯದ ಹಾಗೆ ತಲೆಯಾಡಿಸಿದೆ.

ಅಕ್ಕ ಇಲ್ಲದಾಗಲೇ ನನ್ನ ಮಗ ನಡೆದ. ಗೋಡೆ ಬಿಟ್ಟು ಅಡಿಗೆಮನೆಯ ಬಾಗಿಲಿನವರೆಗೆ ತಟಪಟ ಬಂದು ಧೊಪ್ಪೆಂದು ಕೂತ. ಅತ್ತೆ ದೃಷ್ಟಿ ತೆಗೆದರು. ಅಕ್ಕ ಬಂದ ದಿನ ಅವಳನ್ನು ಕಂಡದ್ದೇ ನನ್ನ ತೊಡೆಯಿಂದ ಇಳಿದು ಅವಳ ಕಡೆಗೇ ನಡೆದುಕೊಂಡು ಹೋದ. ಅವಳು ಕೈ ಚಾಚುವುದನ್ನೂ ಮರೆತು ನಿಂತಳು.

“ನಾನಿಲ್ದೇ ಇದ್ದಾಗ್ಲೇ ಕಲೀಬೇಕಿತ್ತಾ ಇವ್ನು” ಅಂದಳು. ನಾಲ್ಕು ದಿಂಬಿನ ಕೋಣೆಯಲ್ಲಿ ಮಲಗಿ ಬಂದವಳ ಮುಖ ಸಣ್ಣದಾಗಿತ್ತು. ನನಗೆ ಒಳಗೊಳಗೇ ಸ್ವಲ್ಪ ಹಿತವಾಯಿತು.

ಸಭೆಯ ಹಿಂದಿನ ಸಂಜೆ ಅಡಿಗೆಮನೆಯಲ್ಲಿ ನಾನು ಮಗನ ಬಟ್ಟೆ ಮಡಿಸುತ್ತಿದ್ದೆ, ಅವಳು ತರಕಾರಿ ಹೆಚ್ಚುತ್ತಿದ್ದಳು. ನಾಳೆ ಏನು ಹೇಳುತ್ತೀ ಎಂದು ಕೇಳಿದೆ. ಅದೇ ಗೊತ್ತಾಗುತ್ತಿಲ್ಲ ಎಂದಳು. ಮೊದಲ ದಿನ ಮಾತಾಡಿದವರೆಲ್ಲ ನಮ್ಮ ಇಪ್ಪತ್ತು ಊರು ಹಿಡಿಸುವಂಥ ನಗರಗಳವರು, ಎರಡನೆಯ ದಿನ ಯಂತ್ರ ಮಾರುವವರು, ಮೂರನೆಯ ದಿನ ದೋಣಿಯಲ್ಲಿ ಕೂರಿಸಿ ತಿರುಗಾಡಿಸಿದರು. ಉಪಯೋಗಕ್ಕೆ ಬಂದದ್ದು ಒಂದೇ, ಅದೂ ಊಟದ ಮೇಜಿನಲ್ಲಿ.

ಪಕ್ಕದಲ್ಲಿ ಕೂತ ಹೆಂಗಸು ಸಣ್ಣ ಊರೊಂದರ ಲ್ಯಾಬಿನವಳಂತೆ. ಅವರಲ್ಲಿ ಬೀದಿಯ ಕೊನೆಯ ಕ್ಷೌರದಂಗಡಿಗಳಿಗೆ ಸೀಸೆ ಕೊಟ್ಟಿರುತ್ತಾರೆ. ಅಂಗಡಿ ರಾತ್ರಿಯೆಲ್ಲ ಮುಚ್ಚಿರುವುದರಿಂದ ನೀರು ಕೊಳವೆಯಲ್ಲೇ ನಿಂತಿರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದವನು ಮೊದಲು ಬರುವ ನೀರನ್ನು ಸೀಸೆಗೆ ಹಿಡಿದಿಡುತ್ತಾನೆ. ಕೊಳವೆಯ ರೋಗವೆಲ್ಲ ಆ ಸೀಸೆಯಲ್ಲಿ ಸಿಗುತ್ತದೆ.

ನನ್ನ ಕೈಯ ಬಟ್ಟೆ ಅಲ್ಲೇ ನಿಂತಿತು. ಪರೀಕ್ಷೆಗೆ ನೀರು ತರಲು ಹೋಗುವ ನಮ್ಮ ವ್ಯಾನು ಓಣಿಗಳೊಳಗೆ ಹೋಗುವುದಿಲ್ಲ. ಅದಕ್ಕೇ ನಾವು ಯಾವಾಗಲೂ ಮುಖ್ಯರಸ್ತೆಯ ಮೂಲೆಯಲ್ಲಿ ನಿಂತು, ಬೀದಿಯ ಮೊದಲ ನಲ್ಲಿಯ ನೀರನ್ನು ಹಿಡಿದುಕೊಂಡು ಬರುತ್ತಿದ್ದೆವು. ನೀರು ಚೆನ್ನಾಗಿದೆ ಎಂದು ಬರೆಯುತ್ತಿದ್ದೆವು. ಬೀದಿಯ ತುದಿಯವರು ವಾಸನೆ ಎಂದು ದೂರು ಕೊಟ್ಟರೆ, ನಿಮ್ಮ ಟ್ಯಾಂಕು ತೊಳೆಸಿ ಎನ್ನುತ್ತಿದ್ದೆವು.

“ಇದನ್ನೇ ಹೇಳು. ಹೋಗಿದ್ದು ಸಾರ್ಥಕ ಆಯ್ತಲ್ಲ” ಅಂದೆ.

“ಪೂರ್ತಿ ಕೇಳು. ಆಕೆ ಊರು ಇಲ್ಲಿಂದ ರೈಲಲ್ಲಿ ಒಂದು ಹಗಲಿನ ದಾರಿ ಅಷ್ಟೇ. ನಮ್ಮ ದೇಶದವಳೇ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ವಾದ ಮಾಡಿದೆ. ಹೋಗದೇ ಇದ್ದಿದ್ದರೆ ಆಕೆ ಸಿಗುತ್ತಿದ್ದಳೇ? ಇಷ್ಟು ವರ್ಷ ರೈಲು ಓಡುತ್ತಲೇ ಇತ್ತು, ನಮ್ಮಲ್ಲಿ ಯಾರಾದರೂ ಹತ್ತಿದ್ದೆವೇ? ಇದು ಸುಮ್ಮನೆ ಹೂಡಿದ ವಾದವಲ್ಲ. ಈಗಲೂ ನಾನು ಹಾಗೇ ಅಂದುಕೊಳ್ಳುತ್ತೇನೆ. ಆದರೆ ಬೀದಿಯ ಜನಕ್ಕೆ ಅಷ್ಟೆಲ್ಲ ಹೇಳಿ ಒಪ್ಪಿಸುವುದಕ್ಕೆ ಆಗುತ್ತದೆಯೇ? ಆಕೆ ಎಲ್ಲಿಯವಳು ಎಂಬುದೊಂದನ್ನು ಬಿಟ್ಟುಬಿಡು ಎಂದು ಕೇಳಿಕೊಂಡೆ. ಬರುವ ವರ್ಷ ನನ್ನ ಸರದಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೆ ಗೊತ್ತಿತ್ತು.

“ಯಾರೂ ಕೇಳದೇ ಇದ್ರೆ ಹೇಳಲ್ಲ” ಅಂದಳು.

ಸಭಾಂಗಣದಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ನಾನು ಹಿಂದಿನ ಸಾಲಿನಲ್ಲಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಅಧ್ಯಕ್ಷರು ಎರಡು ಮಾತಾಡಿ ಕೂತರು. ಅಕ್ಕ ಎದ್ದು ನಿಲ್ಲುವುದರೊಳಗೆ ತುದಿಬೀದಿಯ ಕ್ಷೌರದಂಗಡಿಯವನು ಎದ್ದ. ಗಟ್ಟಿ ಗಂಟಲಿನ ಮನುಷ್ಯ, ಗಿರಾಕಿಯ ತಲೆ ಹಿಡಿದುಕೊಂಡೇ ಊರಿನ ನ್ಯಾಯ ಬಗೆಹರಿಸುವವನು.

“ಮೇಡಮ್ನೋರೇ, ನನ್ನಂಗಡಿ ನೀರು ವರ್ಷಗಟ್ಲೆಯಿಂದ ನಾರ್ತಾ ಇದೆ. ನೀವು ನಮ್ಮ ದುಡ್ಡಲ್ಲಿ ವಿಮಾನ ಹತ್ತಿ ಬಂದ್ರಿ. ನನ್ನ ನಲ್ಲಿಗೆ ಏನು ತಂದ್ರಿ?”

“ಭಾಷಣಗಳಿಂದ ಏನೂ ತಂದಿಲ್ಲ. ಊಟದ ಹೊತ್ತಲ್ಲಿ ಕೇಳಿದ ಒಂದು ಮಾತು ತಂದಿದೀನಿ. ಅದು ನಿಮಗೇ ಸೇರಿದ್ದು” ಎಂದಳು ಅಕ್ಕ.

ಆಮೇಲೆ ಸೀಸೆಯ ವಿಷಯ ಹೇಳಿದಳು. ವ್ಯಾನು ಮೂಲೆಯಲ್ಲೇ ನಿಲ್ಲುವ ವಿಷಯವನ್ನೂ, ಇಷ್ಟು ದಿನ ತಪ್ಪು ನಲ್ಲಿಯ ನೀರು ಹಿಡಿದದ್ದನ್ನೂ ಹೇಳಿದಳು. ಅದನ್ನು ಹೇಳಬೇಕೆಂದು ಯಾರೂ ಕೇಳಿರಲಿಲ್ಲ. ನಮ್ಮ ಮುಖ್ಯಸ್ಥರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸತೊಡಗಿದರು. ಜನ ಮಾತ್ರ ಕಿವಿಗೊಟ್ಟು ಕೇಳುತ್ತಿದ್ದರು. ಕ್ಷೌರದಂಗಡಿಯವನು ಎದೆ ಉಬ್ಬಿಸಿ ಸುತ್ತ ನೋಡಿದ, ಈಗಲೇ ಸೀಸೆ ಕೊಟ್ಟರೆ ನಾಳೆಯಿಂದಲೇ ಹಿಡಿದಿಡುತ್ತೇನೆ ಎಂದ. ನಾಲ್ಕಾರು ಕೈಗಳು ಆಗಲೇ ಮೇಲೇಳುತ್ತಿದ್ದವು. ನನ್ನ ಎದೆ ಹಗುರವಾಯಿತು. ಯಾವ ಬಟ್ಟೆ ತೆಗೆದುಕೊಂಡು ಹೋಗಲಿ ಎಂಬಲ್ಲಿಗೆ ಮನಸ್ಸು ಓಡಿತು.

ಆಗ ಅವನೇ ಮತ್ತೆ ಕೇಳಿದ, ಬರೀ ಕುತೂಹಲಕ್ಕೆ.

“ಆ ಯಮ್ಮ ಯಾವ ದೇಶದೋರು ಮೇಡಂ? ಕ್ಷೌರದೋರಿಗೆ ಅಷ್ಟು ಮರ್ಯಾದೆ ಕೊಡೋ ದೇಶ.”

ಅಕ್ಕ ನನ್ನ ಕಡೆ ನೋಡಿದಳು. ನಾನು ಮಗನ ತಲೆಯ ಮೇಲೆ ಗಲ್ಲವೂರಿ ನೆಲ ನೋಡಿದೆ.

“ನಮ್ಮ ದೇಶದೋರೇ. ರೈಲಲ್ಲಿ ಒಂದು ಹಗಲು ಅಷ್ಟೇ.”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಇಡೀ ಸಭೆ ನಕ್ಕಿತು.

“ಅಲ್ಲ ಮೇಡಂ, ಪಕ್ಕದ್ಮನೆಯೋರನ್ನ ಮಾತಾಡ್ಸೋಕೆ ಸಮುದ್ರ ದಾಟಿದ್ರಾ?” ಎಂದ ಕ್ಷೌರದಂಗಡಿಯವನು. ಅಕ್ಕನೂ ನಕ್ಕಳು. ಅದೇ ನನಗೆ ತಡೆಯಲಾಗಲಿಲ್ಲ. ಹೋಗಿ ಬಂದವಳು ನಗಬಹುದು.

ನಿವೃತ್ತ ಮೇಷ್ಟರೊಬ್ಬರು ಎದ್ದು ನಾನು ಅಡಿಗೆಮನೆಯಲ್ಲಿ ಹೂಡಿದ್ದ ವಾದವನ್ನೇ ನನಗಿಂತ ಚೆನ್ನಾಗಿ ಹೂಡಿದರು. ಹೋಗದಿದ್ದರೆ ಈ ಭೇಟಿಯೇ ಇಲ್ಲ, ಇಂಥ ಭೇಟಿಗೇ ಅಲ್ಲವೇ ಖರ್ಚು ಮಾಡುವುದು ಎಂದರು. ಅರ್ಧ ಸಭೆ ಹೌದೆಂದಿತು. ಅಧ್ಯಕ್ಷರು ಅಕ್ಕನನ್ನೇ ಕೇಳಿದರು, ಬರುವ ವರ್ಷ ಅಲ್ಲಿಗೆ ಒಬ್ಬರನ್ನು ಕಳಿಸಬೇಕೇ? ಅವಳು ಈ ಸಲ ನನ್ನ ಕಡೆ ನೋಡಲಿಲ್ಲ.

“ಮೇಷ್ಟ್ರು ಹೇಳಿದ್ದು ಸರಿ, ಹೋಗಿದ್ದಕ್ಕೇ ಆಕೆ ಸಿಕ್ಕಿದ್ದು. ಆದ್ರೆ ಈಗ ಸಿಕ್ಕಾಯ್ತಲ್ಲ. ಅಲ್ಲಿಗೆ ಬೇಡ. ಆಕೆ ಊರಿಗೆ ಒಂದು ವಾರ ಕಳ್ಸಿ. ನಿಂತು ನೋಡ್ಕೊಂಡು ಬರಲಿ.”

ಕೈಗಳು ಎದ್ದವು. ಮೇಷ್ಟರ ಕೈಯೂ ಎದ್ದಿತು. ಸಮುದ್ರದಾಚೆಯ ಸಮ್ಮೇಳನ ನಮ್ಮ ಊರಿನ ಪಾಲಿಗೆ ಅಲ್ಲಿಗೆ ಮುಗಿಯಿತು. ರೈಲಿನ ಊರಿಗೆ ಯಾರು ಎಂದು ಅಧ್ಯಕ್ಷರು ಕೇಳಿದಾಗ ಮುಖ್ಯಸ್ಥರು ಸರದಿಯ ಪ್ರಕಾರ ಎಂದು ನನ್ನ ಕಡೆ ಕೈ ತೋರಿಸಿದರು. ತಡ ಮಾಡುವುದೇಕೆ, ಈ ತಿಂಗಳೇ ಹೋಗಿ ಬರಲಿ ಎಂದೂ ಸೇರಿಸಿದರು. ಚಪ್ಪಾಳೆ ಬಿತ್ತು. ಇಷ್ಟವಿದ್ದರೆ ನಾಳೆಯೊಳಗೆ ತಿಳಿಸಬೇಕಂತೆ.

ಮನೆಯ ಕಡೆ ಹೊರಟೆವು. ಮಗ ಅವಳ ಹೆಗಲಿಗೆ ಹಾರಿದ್ದ. ದೀಪದ ಕಂಬಗಳ ಕೆಳಗೆ ಅವರಿಬ್ಬರ ನೆರಳು ಒಂದಾಗಿ ಮುಂದೆ ಹೋಗುತ್ತಿತ್ತು, ನಾನು ಚೀಲ ಹಿಡಿದುಕೊಂಡು ಹಿಂದೆ.

“ಕೋಪಾನಾ?” ಎಂದು ಕೇಳಿದಳು.

“ಕೋಪ ಅಲ್ಲ. ಹೊಟ್ಟೆಕಿಚ್ಚು. ನಿನಗೆ ಸಮುದ್ರ, ನನಗೆ ಪಂಪ್‌ಹೌಸು.”

“ಇರ್ಲಿ ಬಿಡು. ನನಗೂ ಇದೆ, ನಿನ್ನ ಮೇಲೆ” ಅಂದಳು. ಅವಳ ಕೈ ಮಗನ ಬೆನ್ನು ತಟ್ಟುತ್ತಲೇ ಇತ್ತು.

ಸ್ವಲ್ಪ ದೂರ ನಡೆದ ಮೇಲೆ, ರೈಲಿನಲ್ಲಿ ಮಗು ಕಷ್ಟ, ಧೂಳು, ನೀರು ಬದಲಾಗುತ್ತದೆ, ಹೇಗೂ ಹಾಲು ಬಿಡಿಸಬೇಕಲ್ಲ, ಒಂದು ವಾರ ಇವನು ನನ್ನ ಹತ್ತಿರವೇ ಇರಲಿ ಎಂದು ಶುರು ಮಾಡಿದಳು. ಲ್ಯಾಬಿಗೆ ರಜೆ ಹಾಕುತ್ತಾಳಂತೆ. ಅವನಿಗೆ ಅಷ್ಟರಲ್ಲಿ ಮೆಟ್ಟಿಲು ಹತ್ತುವುದನ್ನು ಕಲಿಸುತ್ತಾಳಂತೆ. ಸಮ್ಮೇಳನದ ಬಗ್ಗೆ ಹೇಳುವಾಗ ಒಮ್ಮೆಯೂ ಕಾಣದಿದ್ದ ಹುರುಪು ಈಗ ಅವಳ ದನಿಯಲ್ಲಿತ್ತು. ನಾನು ಕೇಳಿಸಿಕೊಳ್ಳುತ್ತ ನಡೆದೆ. ಕೊಳವೆಯ ತುದಿಯ ನೀರನ್ನು ನನ್ನ ಕಣ್ಣಿಂದಲೇ ನೋಡಬೇಕೆಂಬ ಆಸೆಯೂ ಇತ್ತು, ನಾನಿಲ್ಲದಾಗ ಮೆಟ್ಟಿಲು ಹತ್ತುವ ಮಗನೂ ಕಣ್ಣ ಮುಂದಿದ್ದ.

ಗೇಟಿನ ಹತ್ತಿರ ಬಂದಾಗ, ಹೋಗುತ್ತೇನೆ ಎಂದೆ. ಒಳ್ಳೆಯದಾಯಿತು ಎಂದಳು. ಮಗ ಅವಳ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದ. ಕೊಡು, ನಾನು ಎತ್ತಿಕೊಳ್ಳುತ್ತೇನೆ ಎಂದು ಕೈ ಚಾಚಿದೆ.

“ಬೇಡ, ಎಚ್ಚರ ಆಗ್ಬಿಡ್ತಾನೆ” ಎಂದು ಅವಳು ಅವನನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಮೆಟ್ಟಿಲು ಹತ್ತಿದಳು.