ಕರಿ ಕಂಬಳಿ ಮೇಲೆ ಕಾಣದ ಅತ್ತೆ

ನಲವತ್ತೆಂಟು ದಾಟಿದ ಮೇಲೆ ಕ್ಯಾಮೆರಾ ಕೊಂಡ ನನ್ನನ್ನು ಹಿರಿಯೂರಿನ ನಮ್ಮ ಬೀದಿಯವರು ಸರ್ಕಸ್ ಸೇರಿದವಳನ್ನು ನೋಡಿದ ಹಾಗೆ ನೋಡಿದರು. ನೋಡಲಿ ಬಿಡಿ. ಮೊಬೈಲಿನಲ್ಲಿ ಪಾಠದ ವಿಡಿಯೋ ಹಾಕಿಕೊಂಡು ಕಲಿಯತೊಡಗಿದೆ. ಅಪರ್ಚರ್ ಅಂದರೆ ಬೆಳಕಿಗೆ ಬಾಗಿಲು ಎಷ್ಟು ಅಗಲ ತೆರೆದಿದ್ದೀರಿ ಅಂತ. ಶಟರ್ ಸ್ಪೀಡ್ ಅಂದರೆ ಎಷ್ಟು ಹೊತ್ತು ತೆರೆದಿದ್ದೀರಿ ಅಂತ. ಇಷ್ಟು ತಿಳಿದದ್ದೇ ತಡ ನನಗೆ ಕೊಂಬು ಬಂತು. ಯಾರ ಫೋಟೋ ಬೇಕಾದರೂ ತೆಗೆದುಕೊಡುತ್ತೇನೆ ಎಂದು ನೆಂಟರ ಗ್ರೂಪಿನಲ್ಲಿ ಹಾಕಿಬಿಟ್ಟೆ.

ಐಮಂಗಲದ ಹತ್ತಿರದ ಹಳ್ಳಿಯಿಂದ ಸೋದರತ್ತೆಯ ಫೋನು ಬಂತು. ಅತ್ತೆ, ಮಾವ ಇಬ್ಬರೂ ಕುರಿ ಸಾಕುವವರು.

"ಗೋಡೆಗೆ ಹಾಕೋಕೆ ನಂದೊಂದು ಫೋಟೋ ತೆಗ್ದುಕೊಡೇ. ಮದ್ವೆ ಫೋಟೋದಾಗೆ ತಲೆ ಬಗ್ಗಿಸ್ಕಂಡು ಕುಂತೀನಿ, ಬರೀ ಬಾಸಿಂಗ ಕಾಣ್ತೈತೆ. ಮೊಮ್ಮಗಳು ನೋಡಿ ಇದ್ಯಾರು ಅಂತಾಳೆ! ಆಧಾರ್ ಕಾರ್ಡಿನಾಗೆ ಪೊಲೀಸ್ರು ಹುಡುಕ್ತಿರೋಳ ಥರ ಇದೀನಿ. ಒಂದ್ ಫೋಟೋದಾಗಾದ್ರೂ ನಾನು ನನ್ ಥರ ಕಾಣ್ಬೇಕು."

ಭಾನುವಾರ ಹೋದೆ. ಇಬ್ಬರೂ ಅಂಗಳದಲ್ಲಿ ಸಿದ್ಧರಾಗಿದ್ದರು. ಅವರ ಮನೆಯಲ್ಲಿ ಯಾವ ಒಳ್ಳೆಯ ಕಾರ್ಯಕ್ಕೂ ಕಂಬಳಿ ಹಾಸಿಯೇ ಕೂರುವುದು. ಗೋಡೆಯ ಫೋಟೋ ಅಂದರೆ ಕಮ್ಮಿಯೇ? ದೊಡ್ಡ ಕರಿ ಕಂಬಳಿ ಹಾಸಿದ್ದರು. ಮಾವನ ಹೆಗಲ ಮೇಲೆ ಇನ್ನೊಂದು ಕರಿ ಕಂಬಳಿ. ಕ್ಲಿಕ್ಕಿಸಿ ತೋರಿಸಿದೆ. ಕಂಬಳಿಯ ಒಂದೊಂದು ಎಳೆಯೂ ಎಣಿಸುವಷ್ಟು ಸ್ಪಷ್ಟ. ಮುಖಗಳು ಮಾತ್ರ ಅಕ್ಕಿಹಿಟ್ಟು ಎರಚಿದಂತೆ ಬೆಳ್ಳಗೆ.

"ಕಂಬಳಿ ಭಾಳ ಚೆನ್ನಾಗಿ ಬಂದೈತೆ ಬಿಡವ್ವ," ಅಂದರು ಮಾವ. "ಅದ್ರ ಮ್ಯಾಲೆ ಕುಂತಿರೋ ದೆವ್ವಗಳು ಯಾರ ಮನೇವು?"

ಅತ್ತೆ ನಗಲಿಲ್ಲ. "ಇದ್ರಾಗೂ ನಾನಿಲ್ಲ," ಅಂದರು.

ನನಗೆ ಚುರುಕ್ಕೆಂದಿತು. "ಕಂಬಳಿ ತೆಗೀರಿ ಮಾವ, ಚಾಪೆ ಹಾಕಾಣ."

"ಕಂಬಳಿ ಬಿಟ್ಟು ಚಾಪೆ ಮ್ಯಾಲೆ ಕುಂತ್ರೆ ನಮ್ಮಪ್ಪ ಗೋಡೆಯಿಂದ ಇಳ್ದು ಬಂದು ಒದೀತಾನೆ," ಎಂದು ಮಾವ ಒಳಗಿನ ಹಳೇ ಫೋಟೋದ ಕಡೆ ಕೈ ತೋರಿಸಿದರು.

ಆಗ ನೆನಪಾಯಿತು, ನಾನು ಬೇಸರವಾಗಿ ಪೂರ್ತಿ ನೋಡದೆ ಮುಂದಕ್ಕೆ ಓಡಿಸಿಬಿಟ್ಟಿದ್ದ ಒಂದು ಪಾಠ. ಕ್ಯಾಮೆರಾ ಒಂದು ಗಾಬರಿಗೆಟ್ಟ ಪ್ರಾಣಿ. ಎದುರಿಗೆ ತುಂಬಾ ಕಪ್ಪು ಕಂಡರೆ ಕತ್ತಲಾಯಿತೆಂದುಕೊಂಡು ಬೇಡದಷ್ಟು ಬೆಳಕು ಒಳಗೆ ಬಿಟ್ಟುಕೊಳ್ಳುತ್ತದೆ. ಬೆಳಕು ಕಡಿಮೆ ಮಾಡು ಅಂತ ನಾವೇ ಅದಕ್ಕೆ ಹೇಳಬೇಕು. ಕ್ಯಾಮೆರಾದ ಪಕ್ಕದ ಚಕ್ರವನ್ನು ಮೈನಸ್ ಕಡೆಗೆ ತಿರುಗಿಸಿದೆ. ನೆತ್ತಿಯ ಬಿಸಿಲು ಕಣ್ಣಿನ ಕೆಳಗೆ ಗುಂಡಿ ತೋಡುತ್ತಿತ್ತು. ಅದಕ್ಕೆ ಕಂಬಳಿ ಸಮೇತ ಇಬ್ಬರನ್ನೂ ಬೇವಿನ ಮರದ ನೆರಳಿಗೆ ಎಬ್ಬಿಸಿಕೊಂಡು ಹೋದೆ.

"ಫೋಟೋನೋ ಮನೆ ಖಾಲಿ ಮಾಡ್ಸೋದೋ?" ಎಂದು ಗೊಣಗುತ್ತಲೇ ಕೂತರು ಅತ್ತೆ.

ಇನ್ನು ಚೌಕಟ್ಟು. ಚಿತ್ರವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ, ಮುಖ್ಯವಾದವರನ್ನು ನಡುವೆ ಕೂರಿಸದೆ ಒಂದು ಪಾಲಿನ ಗೆರೆಗೆ ಸರಿಸಿದರೆ ಚಂದ ಅಂತ ವಿಡಿಯೋದವರು ಹೇಳಿದ್ದರು. ಅತ್ತೆಯನ್ನು ಎಡಕ್ಕೆ ಸರಿಸಿದೆ, ಮಾವನನ್ನು ಅವರಿಗೆ ಒತ್ತಿಕೊಂಡಂತೆ ಅಂಚಿಗೆ ಕೂರಿಸಿದೆ. ಬಲಗಡೆ ಕಂಬಳಿ ಖಾಲಿ. ಪರದೆಯಲ್ಲಿ ತೋರಿಸಿದೆ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಈ ಕಡೆ ಇಷ್ಟು ಜಾಗ ಯಾರಿಗೆ ಬಿಟ್ಟಿದೀಯ? ಇನ್ನೊಬ್ಳನ್ನ ತರ್ತಾನಾ ನಿಮ್ಮಾವ?"

"ಅವ್ಳು ಬರೋದು ಇನ್ನೂ ತಡ ಆಗ್ತೈತೆ," ಅಂದರು ಮಾವ, ಮುಖದಲ್ಲಿ ಒಂಚೂರೂ ನಗೆ ಇಲ್ಲದೆ. "ನೀನು ತೆಗಿಯವ್ವ."

ಅತ್ತೆ ಹೋ ಎಂದು ನಕ್ಕು ಮಾವನ ಬೆನ್ನಿಗೊಂದು ಬಿಡಲು ಕೈ ಎತ್ತಿದರು. ಮಾವ ತಪ್ಪಿಸಿಕೊಳ್ಳಲು ವಾಲಿದರು. ನಾನು ಒತ್ತಿದೆ.

ಪಾಠದ ಲೆಕ್ಕದಲ್ಲಿ ಫೋಟೋ ಫೇಲು. ನೆರಳಿನಲ್ಲಿ ಶಟರ್ ನಿಧಾನವಾಗಿದ್ದರಿಂದ ಅತ್ತೆಯ ಕೈ ಹೊಗೆಯಂತೆ ಕದಡಿದೆ. ಮಾವ ಚೌಕಟ್ಟಿನಿಂದ ಆಚೆ ಹೋಗಿ ಬರೀ ಹೆಗಲು, ಕಂಬಳಿ ಉಳಿದಿವೆ. ಆದರೆ ಅತ್ತೆಯ ಮುಖದ ಮಣ್ಣಿನ ಬಣ್ಣ, ಮೂಗುಬೊಟ್ಟು, ಕಣ್ಣಂಚಿನ ಸುಕ್ಕು ಎಲ್ಲ ಇದ್ದ ಹಾಗೇ ಬಂದಿದೆ.

"ಹಲ್ಲೆಲ್ಲ ಕಾಣ್ತಾವಲ್ಲೇ!" ಎಂದು ಸೆರಗು ಬಾಯಿಗಿಟ್ಟುಕೊಂಡರು. ಪರದೆಯನ್ನು ಮಾತ್ರ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನಾನೇ ಕಣೇ ಇದು. ಇದನ್ನೇ ಹಾಕ್ಸು," ಅಂದರು.

ಈಗದು ಗೋಡೆಯ ಮೇಲಿದೆ. ಮೊನ್ನೆ ಹೋದಾಗ ಮೊಮ್ಮಗಳು ಅತ್ತೆಯನ್ನು ಥಟ್ಟನೆ ಗುರುತಿಸಿ, ಅಂಚಿನ ಹೆಗಲಿನ ಮೇಲೆ ಬೆರಳಿಟ್ಟು ಕೇಳಿದಳು, "ಅಜ್ಜಿ, ಇದ್ಯಾರು?"