ಇಲ್ಲೇ ಇದೆ ಮಾವ

ಬೆಟ್ಟಗಳ ಉದ್ದನೆಯ ದಾರಿಯಲ್ಲಿ ಚಾರಣಿಗರನ್ನು ಕರೆದೊಯ್ಯುವ ಈ ಹಿರಿಯನಿಗೆ ಎಲ್ಲರೂ ಇಟ್ಟ ಹೆಸರು ‘ಇಲ್ಲೇ ಇದೆ ಮಾವ’. ಇಡೀ ದಿನ ನಡೆದರೆ ಸಿಗುವ ತಂಗುದಾಣವನ್ನು, ಬೆಳಿಗ್ಗೆ ಬೂಟಿನ ದಾರ ಕಟ್ಟುವಾಗಲೇ ‘ಇಲ್ಲೇ ಇದೆ, ಬನ್ನಿ’ ಎಂದುಬಿಡುತ್ತಾನೆ. ಮಧ್ಯಾಹ್ನ ಎಲ್ಲರೂ ಏದುಸಿರು ಬಿಡುವಾಗಲೂ ಅದೇ ಮಾತು. ‘ಮಾವ, ನಿಮ್ಮ “ಇಲ್ಲೇ”ಗೆ ಬಸ್ಸಿದೆಯಾ?’ ಎಂದು ರೇಗಿಸಿದರೆ ಮೀಸೆಯಡಿ ನಗುತ್ತಾನೆ. ಮೊನ್ನೆ, ಗಂಡ ತೀರಿಕೊಂಡ ಮೇಲೆ ಮೊದಲ ಸಲ ಮನೆಯಿಂದ ಹೊರಬಿದ್ದು ಚಾರಣಕ್ಕೆ ಬಂದಿದ್ದ ಟೀಚರಮ್ಮ ಏರಿನಲ್ಲಿ ಕುಸಿದು ಕೂತು, ‘ನನ್ನ ಕೈಲಾಗಲ್ಲ, ವಾಪಸ್ ಹೋಗ್ತೀನಿ’ ಎಂದು ಅತ್ತಳು. ಮಾವ ಚೀಲ ಇಳಿಸಿ ಪಕ್ಕದಲ್ಲಿ ಕೂತ. ‘ಸುಳ್ಳು ಹೇಳಲ್ಲಮ್ಮ, ಇನ್ನೂ ದೂರ ಇದೆ. ನಮ್ಮನೆಯವಳು ಹೋದ ಮೇಲೆ ನಾನೂ ಇದೇ ಏರಲ್ಲಿ ಅತ್ತಿದ್ದೆ. ಅವಸರ ಇಲ್ಲ, ಅತ್ಕೊಳ್ಳಿ.’ ಆಕೆ ಮನಸಾರೆ ಅತ್ತು, ನೀರು ಕುಡಿದು, ತಾನೇ ಎದ್ದು ಮೇಲಕ್ಕೆ ನಡೆದಳು. ಸದಾ ಮುಂದಿರುವ ಮಾವ ಅಂದು ಅವಳ ಹಿಂದೆ ಸಾಗಿದ.